ದೀರ್ಘಕಾಯರ ಸ್ಥಾನಪಲ್ಲಟ



ಕುವೈತಿನಲ್ಲಿ ನೆಲಸಿರುವ ನಾವು ಕೈಫಾನಿನ ಕುವೈತ್ ಕ್ಲಬ್ಬಿನ ಆಟವನ್ನೋ ಹವಲ್ಲಿಯ ಕಾದ್ಸಿಯಾ ತಂಡದ ಆಟವನ್ನೋ ನೋಡುವಾಗ, ಊರಿನ ಕಾಲೇಜು ಅಂಕಣಗಳಲ್ಲಿ ಹಿಂದೆ ಬಾಸ್ಕೆಟ್‌ಬಾಲ್ ಆಡಿ ಬಂದವರ ಕಣ್ಣಿಗೆ ಒಂದು ಸಂಗತಿ ಥಟ್ಟನೆ ಬೀಳುತ್ತದೆ: ತಂಡಕ್ಕೆಲ್ಲ ಎತ್ತರದವನು, ರಿಂಗಿಗೆ ಬೆನ್ನುಮಾಡಿ ಅದರ ಬುಡದಲ್ಲೇ ಬೇರೂರಿರುತ್ತಿದ್ದ ಸೆಂಟರ್ ಆಟಗಾರನು, ಈಗ ತ್ರೀ ಪಾಯಿಂಟ್ ಗೆರೆಯಾಚೆ ನಿಂತು ದೂರದಿಂದ ಗುರಿಯಿಡುತ್ತಾನೆ. ಈ ಪಲ್ಲಟದ ಇತಿಹಾಸವನ್ನು ಅಂಕಣದ ನೆಲದ ಮೇಲೆ ಎಳೆದ ಗೆರೆಗಳಲ್ಲೇ ಓದಬಹುದು.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿಯ ಎತ್ತರದಲ್ಲಿ ಕಟ್ಟಿಸಿದಂದಿನಿಂದ ಆ ಎತ್ತರವು ಕದಲಿಲ್ಲ; ಆದುದರಿಂದ ದೀರ್ಘಕಾಯನಿಗೆ ಪ್ರಕೃತಿಯಿತ್ತ ಅನುಕೂಲವನ್ನು ತಗ್ಗಿಸಬೇಕಾದಾಗಲೆಲ್ಲ ನಿಯಮಕರ್ತರು ನೆಲದ ಗೆರೆಗಳನ್ನೇ ಸರಿಸಿದರು. 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ಮಿನಿಯಾಪೊಲಿಸ್ ಲೇಕರ್ಸ್ ತಂಡದಲ್ಲಿ ಎದುರಿಲ್ಲದೆ ಮೆರೆಯುತ್ತಿರಲು, ದಾಳಿಕಾರನು ಮೂರು ಸೆಕೆಂಡು ಮೀರಿ ನಿಲ್ಲಬಾರದ, ರಿಂಗಿನ ಮುಂದಿನ ಪಟ್ಟಿಯನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ ಅಗಲಿಸಿದರು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದ ವಿಲ್ಟ್ ಚೇಂಬರ್ಲೇನನ ಕಾಲಕ್ಕೆ, 1964ರಲ್ಲಿ, ಅದು 16 ಅಡಿಯಾಯಿತು. ಆದರೂ ದೀರ್ಘಕಾಯರ ಪ್ರಭುತ್ವ ಕುಂದಲಿಲ್ಲ.

ಅದನ್ನು ಕುಂದಿಸಿದ್ದು ಅವರನ್ನು ಉದ್ದೇಶಿಸಿಯೇ ಎಳೆದದ್ದಲ್ಲದ ಇನ್ನೊಂದು ಗೆರೆ. ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ 1979ರಲ್ಲೂ, ಕುವೈತಿನ ಅಂಕಣಗಳೂ ಪಾಲಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ 1984ರಲ್ಲೂ ಬಂದು, ಈ ಎರಡನೆಯದರಲ್ಲಿ 2010ರಿಂದ 6.25 ಮೀಟರಿನ ಬದಲು 6.75 ಮೀಟರಿಗೆ ಸರಿದ ತ್ರೀ ಪಾಯಿಂಟ್ ಗೆರೆಯ ಲೆಕ್ಕ ಸರಳವಾದುದು: ದೂರದಿಂದ ಮೂರೆಸೆತಗಳಲ್ಲಿ ಒಂದು ಬಿದ್ದರೂ ಅದರ ಫಲ ಹತ್ತಿರದಿಂದ ಎರಡರಲ್ಲಿ ಒಂದು ಬಿದ್ದುದಕ್ಕೆ ಸಮ. ಈ ಲೆಕ್ಕ ತರಬೇತುದಾರರ ಮನಸ್ಸಿಗೆ ಇಳಿಯಲು ದಶಕಗಳೇ ಹಿಡಿದವು. ಇಳಿದ ಮೇಲೆ, ರಿಂಗಿನ ಕೆಳಗೆ ನಿಂತ ದೀರ್ಘಕಾಯನು ತನ್ನವರು ಒಳನುಗ್ಗುವ ದಾರಿಗೇ ಅಡ್ಡಿಯೆನಿಸಿದನು. ಮೊದಲ ಎಂಟು ಋತುಗಳಲ್ಲಿ ಒಟ್ಟು 31 ಸಲ ಮಾತ್ರ ಗೆರೆಯಾಚೆಯಿಂದ ಎಸೆದಿದ್ದ ಎನ್‌ಬಿಎಯ ಸೆಂಟರ್ ಆಟಗಾರ ಬ್ರೂಕ್ ಲೋಪೆಜ್ 2016–17ರ ಒಂದೇ ಋತುವಿನಲ್ಲಿ 387 ಸಲ ಎಸೆದನೆಂದರೆ, ಪ್ರೌಢ ವಯಸ್ಸಿನ ಆಟಗಾರನೊಬ್ಬನು ತನ್ನ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಲಿತಂತೆಯೇ ಸರಿ. ಆ ಸಾಧನೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದೇ ನನ್ನ ಭಾವನೆ.

ಎಲ್ಲರಿಗೂ ಅಂಥ ಅವಕಾಶ ಒದಗಲಿಲ್ಲ. ಪಂಜಾಬಿನ ಬಲ್ಲೋಕೆ ಗ್ರಾಮದ 7 ಅಡಿ 2 ಅಂಗುಲದ ಸತ್ನಾಮ್ ಸಿಂಗನನ್ನು 2015ರಲ್ಲಿ ಎನ್‌ಬಿಎಯ ವಾರ್ಷಿಕ ಆಯ್ಕೆಯಲ್ಲಿ (ಡ್ರಾಫ್ಟ್) ಡಲ್ಲಾಸ್ ತಂಡವು 52ನೆಯವನಾಗಿ ಆರಿಸಿಕೊಂಡಾಗ ಭಾರತೀಯರೆಲ್ಲರೂ ಹಿಗ್ಗಿದೆವು. ಆದರೆ ಎನ್‌ಬಿಎಯ ಒಂದು ಪಂದ್ಯವೂ ಅವನ ಪಾಲಿಗೆ ಬರಲಿಲ್ಲ. ಬರಿಯ ಎತ್ತರಕ್ಕೂ ತೂಕಕ್ಕೂ ಬೆಲೆ ಇಳಿಯುತ್ತಿದ್ದ ಕಾಲದಲ್ಲಿ ಅವನು ಬಾಗಿಲಿಗೆ ಬಂದಿದ್ದನು.

ಆದರೆ ಎತ್ತರಕ್ಕೆ ಬೇರೊಂದು ಬಳಕೆಯೂ ಉಂಟು. ಅದರ ಹಿಂದಿನ ವರ್ಷವೇ 41ನೆಯವನಾಗಿ ಆಯ್ಕೆಗೊಂಡಿದ್ದ ಸರ್ಬಿಯಾದ ಸೆಂಟರ್ ನಿಕೊಲಾ ಯೋಕಿಚ್ ಓಟದಲ್ಲಿ ಚುರುಕಿನವನಲ್ಲ, ನೆಗೆತದಲ್ಲಿಯೂ ಸಾಮಾನ್ಯನೇ. ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಚೆಂಡನ್ನು ತಲೆಯ ಮೇಲೆ ಹಿಡಿದು ನಿಂತು, ತನಗಿಂತ ಗಿಡ್ಡನಾದ ಕಾವಲುಗಾರನ ಕೈಗೆ ಎಟುಕದಂತೆ, ಬೆನ್ನ ಹಿಂದಿನಿಂದ ರಿಂಗಿನತ್ತ ಓಡಿದ ಜೊತೆಗಾರನಿಗೆ ಮುಖ ತಿರುಗಿಸದೆಯೇ ಅದನ್ನು ದಾಟಿಸುತ್ತಾನೆ. ಹೀಗೆ 2021, 2022 ಮತ್ತು 2024ರಲ್ಲಿ ಅತ್ಯುತ್ತಮ ಆಟಗಾರನೆನಿಸಿ, 2023ರಲ್ಲಿ ಡೆನ್ವರ್ ತಂಡಕ್ಕೆ ಅದರ ಮೊದಲ ಎನ್‌ಬಿಎ ಪ್ರಶಸ್ತಿಯನ್ನು ತಂದಿತ್ತನು.