ತಪ್ಪು ಡ್ರೈವರನದೋ, ಏರ್ಪಾಟಿನದೋ?



ಆಲೂರಿನ ಕಡೆಯಿಂದ ಬಂದ ರೈಲುಗಾಡಿ ಸಕಲೇಶಪುರ ದಾಟಿದೊಡನೆ ಘಟ್ಟ ಇಳಿಯತೊಡಗುತ್ತದೆ. ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರು, 57 ಸುರಂಗಗಳು. 50 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು.

ಇಂಥ ಘಟ್ಟದ ದಾರಿಗಳಿಗೆ ರೈಲ್ವೆಯಲ್ಲಿ ಒಂದು ಹಳೆಯ ಉಪಾಯವುಂಟು. ಮುಖ್ಯ ಹಳಿಯಿಂದ ಕವಲೊಡೆದು ಇನ್ನೊಂದು ಹಳಿ ಏರಿಗೆ ಹತ್ತುತ್ತದೆ. ಅದಕ್ಕೆ ಕ್ಯಾಚ್ ಸೈಡಿಂಗ್ ಎಂದು ಹೆಸರು. ಪಾಯಿಂಟು ಸಾಮಾನ್ಯವಾಗಿ ಆ ಕವಲಿಗೇ ತಿರುಗಿರುತ್ತದೆ. ಗಾಡಿ ಹಿಡಿತದಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಮುಖ್ಯ ಹಳಿ ತೆರೆಯುವುದು. ಬ್ರೇಕು ಸೋತು ಬಂದ ಗಾಡಿ ಏರು ಹತ್ತಿ ನಿಲ್ಲುತ್ತದೆ.

ಇದರಲ್ಲಿರುವ ವಿವೇಕವನ್ನು ನಾವು ಗಮನಿಸಬೇಕು. ಬ್ರೇಕು ಕೈಕೊಡಬಹುದು, ಡ್ರೈವರನಿಗೆ ದಣಿವಾಗಬಹುದು ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಏರ್ಪಾಟು ಇದು.

ಇದಕ್ಕೆ ವಿರುದ್ಧವಾದುದು 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿಯ ಬಳಿ ನಡೆಯಿತು. ಬೆಳಗಿನಿಂದ ಸ್ವಯಂಚಾಲಿತ ಸಿಗ್ನಲು ಕೆಟ್ಟಿತ್ತು. ಕೆಂಪು ದೀಪ ದಾಟಿ ಹೋಗಲು ಡ್ರೈವರುಗಳಿಗೆ ಚೀಟಿ ಕೊಟ್ಟರು. ಗೂಡ್ಸ್ ಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿನ ಹಿಂಭಾಗಕ್ಕೆ ಬಡಿಯಿತು. ಕನಿಷ್ಠ 10 ಜನ ಸತ್ತರು. ಗೂಡ್ಸಿನ ಡ್ರೈವರೂ ಅವರಲ್ಲೊಬ್ಬರು. ಅಂದೇ ರೈಲ್ವೆ ಮಂಡಳಿಯ ಮುಖ್ಯಸ್ಥರು ಆ ಸತ್ತವರ ಕಡೆಗೇ ಬೆರಳು ತೋರಿಸಿದರು. ಮುಂದೆ ರೈಲ್ವೆ ಸುರಕ್ಷತಾ ಕಮಿಷನರರ ವಿಚಾರಣೆ ಬೇರೆ ಮಾತು ಹೇಳಿತು. ಕೊಟ್ಟ ಚೀಟಿಯೇ ತಪ್ಪು ನಮೂನೆಯದು. ವೇಗದ ಮಿತಿ ಅದರಲ್ಲಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಸಿಬ್ಬಂದಿಗೆ ಸರಿಯಾಗಿ ಕಲಿಸಿರಲಿಲ್ಲ. ಅದೇ ಚೀಟಿ ಪಡೆದು ಹೋದ ಗಾಡಿಗಳಲ್ಲಿ ನಿಯಮದಂತೆ ನಿಧಾನವಾಗಿ ನಡೆದದ್ದು ಕಾಂಚನಜುಂಗಾ ಒಂದೇ. ಬಂದವರೆಲ್ಲ ಎಡವುವ ಮನೆಯಲ್ಲಿ ತಪ್ಪು ಕಾಲಿನದೋ, ಹೊಸ್ತಿಲಿನದೋ?

ಗಿರಣಿಯಲ್ಲಿ ಕೈ ಕಳೆದುಕೊಂಡ ಕೂಲಿಕಾರನ ಹೆಸರಿನ ಮುಂದೆಯೂ ‘ಅಜಾಗರೂಕತೆ’ ಎಂದೇ ಬರೆಯುತ್ತಾರೆ. ಎರಡು ಪಾಳಿ ಸೇರಿಸಿ ದುಡಿಸಿದ್ದು, ಬೆಲ್ಟಿಗೆ ಕವಚ ಹಾಕದೆ ಬಿಟ್ಟದ್ದು, ಯಂತ್ರ ನಿಲ್ಲಿಸುವ ಗುಂಡಿಯನ್ನು ಕೈಗೆಟುಕದಲ್ಲಿ ಇಟ್ಟದ್ದು ಕಾಗದಕ್ಕೆ ಬರುವುದಿಲ್ಲ. ಓಡುವ ಯಂತ್ರಕ್ಕೆ ಆವರಣ ಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಹಿಟ್ಟಿನ ಗಿರಣಿ ಇಟ್ಟ ನಮ್ಮ ಸಣ್ಣ ವ್ಯಾಪಾರಿಗಳೂ ಇದನ್ನು ಮನಸ್ಸಿನಲ್ಲಿಡಬೇಕು. ಅಲ್ಲಿ ಬೆಲ್ಟಿನ ಬಳಿ ನಿಲ್ಲುವವರು ಅನೇಕ ವೇಳೆ ಮನೆಯವರೇ.

ಆದುದರಿಂದ ನಾವು ಎರಡು ಮಾತು ಕೇಳುತ್ತೇವೆ. ಯಾರು ತಪ್ಪಿದರು ಎಂಬಲ್ಲಿಗೇ ವಿಚಾರಣೆ ನಿಲ್ಲಬಾರದು. ತಪ್ಪಿದಾಗ ತಡೆಯಲು ಏನಿತ್ತು ಎಂಬುದೂ ಹೊರಬರಬೇಕು. ಹೊಸ ಯಂತ್ರ ಕೂರಿಸುವ ಮೊದಲು ಅದರ ಮುಂದೆ ನಿಲ್ಲುವವರ ಅಭಿಪ್ರಾಯ ಕೇಳಬೇಕು. ಜಾಗರೂಕತೆ ನಮ್ಮ ಕರ್ತವ್ಯವೇ ಸರಿ. ಆದರೆ ದಣಿದ ಎರಡು ಕಣ್ಣುಗಳನ್ನೇ ನಂಬಿ ನೂರಾರು ಜನರನ್ನು ಘಟ್ಟ ಇಳಿಸುವುದು ನ್ಯಾಯವಲ್ಲ.