ಹೊಳೆ ಇಳಿದ ಮೇಲೆ ಸಾಲದ ಲೆಕ್ಕ

ಕಾಗವಾಡದ ಸೀಮೆಯನ್ನು ಬಲ್ಲ ಶ್ರೋತೃಗಳಿಗೆ ಕೃಷ್ಣೆಯ ಮಹಾಪೂರವು ಹೊಸ ಸಂಗತಿಯಲ್ಲ. 2005ರಲ್ಲಿ ಬಂದಿತು, 2019ರ ಆಗಸ್ಟಿನಲ್ಲಿ ಅದಕ್ಕಿಂತಲೂ ಭೀಕರವಾಗಿ ಬಂದಿತು, 2021ರ ಜುಲೈಯಲ್ಲಿ ಮರಳಿ ಬಂದಿತು. ಆ ನೀರಿನ ಆರ್ಭಟವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಹೊಲವೂ ನಷ್ಟವೂ ಒಂದೇ ಬಗೆಯಾಗಿದ್ದರೂ ನೀರಿಳಿದ ಮೇಲೆ ಒಬ್ಬ ರೈತನು ಬೇಗ ಏಳುವನು, ನೆರೆಯವನು ಏಳಲಾರನು. ಇದರ ಕಾರಣವನ್ನು ನಮ್ಮ ಸಾಲಪದ್ಧತಿಯಲ್ಲಿಯೇ ಹುಡುಕಬೇಕೆಂದು ನಮಗೆ ತೋರುತ್ತದೆ.

ಕಬ್ಬು ವರ್ಷದ ಬೆಳೆ. ನಾಟಿಯೊಡನೆ ಸೊಸಾಯಿಟಿಯ ಸಾಲ ಹುಟ್ಟುತ್ತದೆ. ಕಾರ್ಖಾನೆಯ ಬಿಲ್ಲು ಬಂದಾಗ ತೀರುತ್ತದೆ. ಸುಳಿಯ ಮೇಲೆ ನೀರು ನಿಂತು ಕೊಳೆತ ಕಬ್ಬಿಗೆ ಬಿಲ್ಲೆಲ್ಲಿಯದು? ಸಾಲದ ಗಡುವಂತೂ ಹೊಳೆಯಲ್ಲಿ ಕೊಚ್ಚಿಹೋಗುವುದಿಲ್ಲ. ಗಡುವು ಮೀರಿದವನಿಗೆ ಹೊಸ ಸಾಲ ದೊರೆಯದು. ಹೊಸ ಸಾಲವಿಲ್ಲದೆ ಹೊಸ ನಾಟಿಯಿಲ್ಲ. ಆಗ ಊರ ಸಾಹುಕಾರನ ಬಾಗಿಲೊಂದೇ ತೆರೆದಿರುತ್ತದೆ.

ಸರ್ಕಾರವು ಪರಿಹಾರ ಕೊಡಲಿಲ್ಲವೇ ಎಂದು ಕೇಳಬಹುದು. ಕೊಟ್ಟಿತು. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಗೊತ್ತಾಯಿತು. ನೀರಾವರಿ ಬೆಳೆಗೆ ಕೇಂದ್ರದ ನಿಯಮದಂತೆ ಹೆಕ್ಟೇರಿಗೆ 13,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಗೆ. ರಾಜ್ಯವು ಅದರ ಮೇಲೆ 10,000 ಸೇರಿಸಿತು. ಕಬ್ಬಿನ ಬೀಜ, ಗೊಬ್ಬರ, ಆಳುಗಳ ಖರ್ಚನ್ನು ಬಲ್ಲವರಿಗೆ ಇದು ಎಷ್ಟರ ಮಟ್ಟಿನದೆಂದು ಹೇಳಬೇಕಾದುದಿಲ್ಲ. ಹೆಚ್ಚು ಉಪಕಾರವಾಗಬಹುದಾಗಿದ್ದುದು ಅಷ್ಟಾಗಿ ಮಾತಿಗೆ ಬಾರದ ಮತ್ತೊಂದು ನಿಯಮ. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಬೆಳೆನಷ್ಟವು ಶೇಕಡಾ 33ನ್ನು ಮುಟ್ಟಿದರೆ ಸಾಲದ ಅವಧಿಯನ್ನು 2 ವರ್ಷದವರೆಗೆ, 50ನ್ನು ಮುಟ್ಟಿದರೆ 5 ವರ್ಷದವರೆಗೆ ಮುಂದೂಡಿ, ಹೊಸ ಸಾಲವನ್ನೂ ಕೊಡಬಹುದಾಗಿತ್ತು. ದಾನಕ್ಕಿಂತ ಈ ಕಾಲಾವಕಾಶವೇ ದೊಡ್ಡದೆಂದು ನಾವು ಎಣಿಸುತ್ತೇವೆ.

ಈ ವಿಚಾರದಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಅಂಥ ಸಂಘಗಳ ಗುರಿ.

ಆದರೆ ಸಂಘವಾಗಲಿ ಬ್ಯಾಂಕಾಗಲಿ ಮೊದಲು ನೋಡುವುದು ಪಹಣಿಯನ್ನು. ಲಾವಣಿಗೆ ಹೊಲ ಮಾಡಿದವನ ಹೆಸರು ಅದರಲ್ಲಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನೇ ನಿಷೇಧಿಸಿತು; ಉಳುವವನಿಗೆ ಭೂಮಿ ಕೊಟ್ಟ ಆ ಕಾಯಿದೆಯ ಉಪಕಾರವನ್ನು ಯಾರೂ ಅಲ್ಲಗಳೆಯರು. ಆದರೂ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಹೀಗಾಗಿ ಬೆಳೆ ಕಳೆದುಕೊಳ್ಳುವವನೊಬ್ಬ, ಪರಿಹಾರವೂ ಗಡುವಿನ ವಿನಾಯಿತಿಯೂ ಸಲ್ಲುವುದು ಮತ್ತೊಬ್ಬನಿಗೆ. ಆಂಧ್ರಪ್ರದೇಶವು 2011ರ ಕಾಯಿದೆಯೊಂದರಿಂದ ಇಂಥವರಿಗೆ ಸಾಲಾರ್ಹತೆಯ ಚೀಟಿ ಕೊಡಲು ತೊಡಗಿತು. ಒಡೆತನದ ಹಕ್ಕಿಗೆ ಅದರಿಂದ ಬಾಧೆಯಿಲ್ಲ. ನಮ್ಮ ಹೊಳೆದಂಡೆಯ ಊರುಗಳಿಗೆ ಮೊದಲು ಬೇಕಾದುದು ಇಂಥದೊಂದು ಚೀಟಿ.