ಕಂಪ್ಲಿಗೆ ಸುಳ್ಳು ಸಂದೇಶ ಹೋಗದಿರಲಿ

ಮಕ್ಕಳೇ, ತೋರಣಗಲ್ಲಿನ ನಿಮ್ಮ ಶಾಲೆಯವರೆಲ್ಲ ಸೇರಿ ಒಂದು ವೆಬ್‌ಸೈಟ್ ಮಾಡಿದ್ದೀರಿ ಎಂದುಕೊಳ್ಳಿ. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಇವತ್ತು ನೀರು ಎಷ್ಟಿದೆ ಎಂದು ಅದು ತೋರಿಸುತ್ತದೆ. ಪೂರ್ಣ ಮಟ್ಟ 1633 ಅಡಿ. ನೀರು 1632 ಅಡಿ ಮುಟ್ಟಿದ ಕೂಡಲೇ ಕಂಪ್ಲಿಯ ನದಿದಂಡೆಯಲ್ಲಿರುವ ನೆಂಟರ ಫೋನುಗಳಿಗೆ 'ಹುಷಾರು' ಎಂಬ ಎಸ್‌ಎಂಎಸ್ ಹೋಗಬೇಕು. ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಕಡೆಯ ಓಡಾಟವೇ ನಿಂತುಹೋಗುತ್ತದಲ್ಲ!

ಪ್ರೋಗ್ರಾಂ ಬರೆದದ್ದು ಮೇ ತಿಂಗಳಲ್ಲಿ. ಆಗ ಜಲಾಶಯ ಬತ್ತಿರುತ್ತದೆ. ಎಸ್‌ಎಂಎಸ್ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಲು ಮಳೆಗಾಲದವರೆಗೆ ಕಾಯಲಾಗುತ್ತದೆಯೇ? ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಕೂತು '1632' ಎಂಬ ಸುಳ್ಳು ಮಟ್ಟವನ್ನು ನೀವೇ ಟೈಪ್ ಮಾಡುತ್ತೀರಿ. ಪ್ರೋಗ್ರಾಂಗೆ ಇದು ಆಟವೋ ನಿಜವೋ ಏನು ಗೊತ್ತು? ಕಂಪ್ಲಿಯಲ್ಲಿ ಅಜ್ಜಿಯ ಫೋನು ಗುಂಯ್‌ಗುಟ್ಟುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಕಂಡವರು ಅವರು. ಇಂಥ ಸಂದೇಶವನ್ನು ನೋಡಿ ಸುಮ್ಮನೆ ಮಲಗುವವರಲ್ಲ.

ದೂರದ ಹವಾಯಿ ದ್ವೀಪಗಳಲ್ಲಿ ಹೀಗೇ ಆಯಿತು. 2018ರ ಜನವರಿ 13ರಂದು ಅಣಕು ತಾಲೀಮಿನ ಹೊತ್ತಿನಲ್ಲಿ, ಕ್ಷಿಪಣಿ ಬರುತ್ತಿದೆ ಎಂಬ ಎಚ್ಚರಿಕೆ ಜನರ ಫೋನುಗಳಿಗೆ ನಿಜವಾಗಿಯೇ ಹೋಗಿಬಿಟ್ಟಿತು. ಅದು ಸುಳ್ಳು ಎಂಬ ಎರಡನೇ ಸಂದೇಶ ಬರಲು 38 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು.

ಇದಕ್ಕೆ ಪ್ರೋಗ್ರಾಂ ಬರೆಯುವವರು ಕಂಡುಕೊಂಡ ಉಪಾಯ ಕಾನ್ಫಿಗ್ ಫೈಲು. ಸಂಡೂರಿನ ಗಣಿಯಿಂದ ಅದಿರು ತರುವ ಲಾರಿಗಳನ್ನು ನೋಡಿದ್ದೀರಲ್ಲ? ಯಾವ ಗಣಿಯಿಂದ, ಎಲ್ಲಿಗೆ, ಎಷ್ಟು ಟನ್ ಎಂಬುದೆಲ್ಲ ಚಾಲಕನ ಹತ್ತಿರವಿರುವ ಚೀಟಿಯಲ್ಲಿರುತ್ತದೆ. ಟ್ರಿಪ್ಪು ಬದಲಾದರೆ ಚೀಟಿ ಬದಲಾಗುತ್ತದೆ, ಲಾರಿ ಅದೇ. ಇಲ್ಲಿ ಲಾರಿ ಎಂದರೆ ಪ್ರೋಗ್ರಾಂ, ಚೀಟಿ ಎಂದರೆ ಕಾನ್ಫಿಗ್ ಫೈಲು. ಲ್ಯಾಪ್‌ಟಾಪಿಗೆ ಒಂದು ಚೀಟಿ, ವೆಬ್‌ಸೈಟನ್ನು ನಡೆಸುವ ಕಂಪ್ಯೂಟರಾದ ಸರ್ವರಿಗೆ ಇನ್ನೊಂದು.

ಲ್ಯಾಪ್‌ಟಾಪಿನ ಫೈಲು ಒಳಗೆ ಹೇಗಿರುತ್ತದೆ? ಕನ್ನಡದಲ್ಲಿ ಬರೆದರೆ ಹೀಗೆ:

ನೀರಿನ_ಮಟ್ಟ=ಪರೀಕ್ಷೆಯ_ಪಟ್ಟಿಯಿಂದ
ಎಸ್ಎಂಎಸ್=ತೆರೆಯ_ಮೇಲೆ_ಮಾತ್ರ
ಡಾಟಾಬೇಸ್=127.0.0.1

ಡಾಟಾಬೇಸ್ ಎಂದರೆ ಮಾಹಿತಿ ಕೂಡಿಡುವ ಜಾಗ. ಆ ಸಾಲಿನ ಅಂಕಿಗಳು ತಮಾಷೆಯವು. ಯಾವ ಕಂಪ್ಯೂಟರಿನಲ್ಲೇ ಆಗಲಿ, 127.0.0.1 ಎಂದರೆ 'ಬೇರೆಲ್ಲೂ ಹುಡುಕಬೇಡ, ನಾನೇ' ಎಂದರ್ಥ. ಸರ್ವರಿನ ಫೈಲಿನಲ್ಲಿಯೂ ಇದೇ ಮೂರು ಹೆಸರುಗಳಿರುತ್ತವೆ. ಬಲಗಡೆಯ ಮಾತು ಮಾತ್ರ ಬೇರೆ. ಅಲ್ಲಿ ನಿಜವಾದ ಮಟ್ಟ, ನಿಜವಾದ ಎಸ್‌ಎಂಎಸ್. ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ.

ಗಡಿಯಾರದ ವಿಷಯವನ್ನೂ ಈ ಫೈಲಿನಲ್ಲೇ ಬರೆದಿಡುವುದು ಒಳ್ಳೆಯದು. ಎಷ್ಟೋ ಸರ್ವರುಗಳು ಯುಟಿಸಿ ಎಂಬ ಲೋಕದ ಸಾಮಾನ್ಯ ಕಾಲವನ್ನು ಅನುಸರಿಸುತ್ತವೆ. ನಮ್ಮ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ತೋರಣಗಲ್ಲಿನಲ್ಲಿ ಬೆಳಿಗ್ಗೆ ಐದೂವರೆಯಾದಾಗ ಸರ್ವರಿಗೆ ಇನ್ನೂ ನಡುರಾತ್ರಿ! ಯಾವ ಕಾಲ ತೋರಿಸಬೇಕೆಂದು ಹೇಳದಿದ್ದರೆ ನೀರು ಏರಿದ ಹೊತ್ತು ತಪ್ಪಾಗಿ ಕಾಣುತ್ತದೆ.

ಸರ್ವರಿನಲ್ಲಿ ಫೈಲನ್ನೇ ಇಡಲು ಮರೆತರೆ? 'ಏನೂ ಬರೆದಿಲ್ಲದಿದ್ದರೆ ಎಸ್‌ಎಂಎಸ್ ಬೇಡ' ಎಂದು ಪ್ರೋಗ್ರಾಂಗೆ ಮೊದಲೇ ಹೇಳಿಟ್ಟರೆ ಸಾಕೆಂದು ಕೆಲವರು ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಗ ನಿಜವಾಗಿ ಹೊಳೆ ಬಂದ ದಿನವೂ ಅದು ತೆಪ್ಪಗೆ ಕೂತಿರುತ್ತದೆ. 'ಸೆಟ್ಟಿಂಗ್ ಇಲ್ಲ, ನಾನು ಶುರುವಾಗುವುದಿಲ್ಲ' ಎಂದು ಮೊದಲ ದಿನವೇ ಹಟ ಹಿಡಿಯುವ ಪ್ರೋಗ್ರಾಮೇ ವಾಸಿ.

ಎಸ್‌ಎಂಎಸ್ ಕಳುಹಿಸಲು ಪಾಸ್‌ವರ್ಡಿನಂಥ ಒಂದು ಗುಟ್ಟಿನ ಕೀ ಬೇಕು. ಅದೂ ಈ ಫೈಲಿನಲ್ಲೇ ಇರುತ್ತದೆ. ಗೆಳೆಯರೊಡನೆ ಪ್ರೋಗ್ರಾಂ ಹಂಚಿಕೊಳ್ಳಲು ಬಳಸುವ 'ಗಿಟ್' ಎಂಬ ಸಾಧನ ನೀವು ಹಾಕಿದ ಪ್ರತಿಯೊಂದು ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುತ್ತದೆ. 2016ರಲ್ಲಿ ಊಬರ್ ಕಂಪನಿಯ ಇಂಥ ಗಿಟ್ ಸಂಗ್ರಹದೊಳಗೆ ನುಗ್ಗಿದ ಕಳ್ಳರಿಗೆ ಅಲ್ಲೇ ಕೀ ಸಿಕ್ಕಿತು; 5.7 ಕೋಟಿ ಜನರ ಮಾಹಿತಿ ಅವರ ಪಾಲಾಯಿತು.

ಆದ್ದರಿಂದ ಗುಟ್ಟಿನ ಫೈಲನ್ನು ಗಿಟ್‌ಗೆ ಸೇರಿಸಬೇಡಿ. ಬಲಗಡೆ ಖಾಲಿ ಬಿಟ್ಟ ಮಾದರಿ ಫೈಲೊಂದನ್ನು ಸೇರಿಸಿದರೆ ಗೆಳೆಯರಿಗೆ ಅಷ್ಟು ಸಾಕು. ಅಕಸ್ಮಾತ್ ಕೀ ಒಳಗೆ ಹೋಯಿತೋ, ಅಳಿಸಿ ಸುಮ್ಮನಾಗಬೇಡಿ. ಹಳೆಯ ಪ್ರತಿಯಲ್ಲಿ ಅದು ಹಾಗೇ ಇರುತ್ತದೆ. ಅವತ್ತೇ ಆ ಕೀಯನ್ನು ರದ್ದು ಮಾಡಿಸಿ, ಹೊಸದು ಪಡೆಯಿರಿ.